ಅರ್ಧ ವಯಲ್‌ನಲ್ಲಿ ಉಳಿಸಿದ ದುಡ್ಡು ಯಾರದ್ದು?

ಮೊನ್ನೆ ಸೋಮವಾರ ನಮ್ಮ ಕಡೆಯ ಕೋಳಿ ಸಾಕಣೆದಾರರ ವಾಟ್ಸಾಪ್ ಗ್ರೂಪಿಗೆ ಒಬ್ಬರು ಫೋಟೊ ಹಾಕಿದ್ರು. ಅಂಗೈ ಮೇಲೆ ಸಾವಿರ ಡೋಸಿನ ಒಂದು ಐಬಿ ವಯಲ್. ಕೆಳಗೆ ಬರಹ: "ಒಂದೇ ವಯಲ್, 2500 ಮರಿ. ಮೂರು ಬ್ಯಾಚಿಂದ ಹಿಂಗೇ ಮಾಡ್ತಾ ಇದೀನಿ, ಏನೂ ಆಗಿಲ್ಲ. ಕಂಪನಿಯವರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಬೇಡಿ." ಸಂಜೆ ಹೊತ್ತಿಗೆ ಸಾಲುಸಾಲು ಹೆಬ್ಬೆರಳು ಬಿದ್ದವು. ನಾನು "ಇದು ತಪ್ಪು ಅಣ್ಣಾ" ಅಂತ ಒಂದೇ ಸಾಲು ಬರೆದೆ. ಉತ್ತರ ಬಂತು: "ನಿನ್ನ ಕೋಳಿ ನೀನು ನೋಡ್ಕೋ, ನನ್ನ ಕೋಳಿ ನಾನು ನೋಡ್ಕೋತೀನಿ."

ಆ ಕೊನೆಯ ಮಾತಿಗೇ ಈ ಉದ್ದನೆಯ ಬರಹ. ಫೀಡ್ ವಿಷಯದಲ್ಲಿ, ಮೆಕ್ಕೆಜೋಳ ಯಾರ ಹತ್ರ ತಗೊಂಡೆ ಅನ್ನೋ ವಿಷಯದಲ್ಲಿ, ಆ ಮಾತು ಸರಿ. ಐಬಿ ಲಸಿಕೆ ವಿಷಯದಲ್ಲಿ ಅದು ನಡೆಯಲ್ಲ. ಆ ವಯಲ್ ಒಳಗಿರೋದು ಔಷಧಿ ಅಲ್ಲ, ಜೀವಂತ ವೈರಸ್ಸು. ಅವರ ಶೆಡ್ಡಿಗೂ ನನ್ನ ಶೆಡ್ಡಿಗೂ ನಡುವೆ ಒಂದು ಹಳ್ಳ, ಎರಡು ಹೊಲ. ಗಾಳಿ ಬೀಸೋದು ಅಲ್ಲಿಂದ ಇಲ್ಲಿಗೆ.

ರಾಣಿಖೇತ್ ನಮಗೆಲ್ಲ ಗೊತ್ತು, ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದ ಅಜ್ಜಿಗೂ ಗೊತ್ತು. ಐಬಿ ಅಂದ್ರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಕೋಳಿಯ ಶ್ವಾಸನಾಳಕ್ಕೆ ಹತ್ತೋ ಕೊರೊನಾ ವೈರಸ್ಸಿನ ರೋಗ. ಆ ಹೆಸರು ಕೇಳಿ ಯಾರೂ ಗಾಬರಿ ಬೀಳಬೇಡಿ. ಇದು ಕೋಳಿಯ ಕೊರೊನಾ, ಮನುಷ್ಯರಿಗೆ ಬರಲ್ಲ. ಮನುಷ್ಯರ ಕೋವಿಡ್ ಕೋಳಿಗೆ ಹತ್ತಲ್ಲ. ಈ ಎರಡನ್ನೂ ಗಂಟು ಹಾಕಿದ ಸುಳ್ಳು ಸುದ್ದಿಗೆ 2020ರ ಮಾರ್ಚ್‌ನಲ್ಲಿ ನಾವು ಎಷ್ಟು ದಂಡ ಕಟ್ಟಿದೆವು ಅನ್ನೋದು ನೆನಪಿದೆಯಲ್ಲ. ಬೆಳಗಾವಿ, ಕೋಲಾರದ ಕಡೆ ರೈತರು ಜೇಸಿಬಿಯಲ್ಲಿ ಗುಂಡಿ ತೆಗೆಸಿ ಜೀವಂತ ಕೋಳಿ ಹೂತರು. ಆಗ ನಾವೆಲ್ಲ ಸೇರಿ ಕೂಗಿದ್ದೇನು? "ಜನಕ್ಕೆ ವೈರಸ್ ಬಗ್ಗೆ ಏನೂ ಗೊತ್ತಿಲ್ಲ" ಅಂತ. ಸರಿ, ನಮಗೆ ಎಷ್ಟು ಗೊತ್ತು?

ಈ ರೋಗ ಹೊಸದೇನಲ್ಲ. ಅಮೆರಿಕದ ಉತ್ತರ ಡಕೋಟಾದಲ್ಲಿ ಮರಿಗಳು ಬಾಯಿ ತೆರೆದು ಗೊರಗೊರ ಉಸಿರಾಡಿ ಸಾಯ್ತಿದ್ದುದನ್ನು ಶಾಲ್ಕ್ ಮತ್ತು ಹಾನ್ ಅನ್ನೋ ಇಬ್ಬರು ಬರೆದು ಪ್ರಕಟಿಸಿದ್ದು 1931ರಲ್ಲಿ. ಬೊಡೆಟ್ ಮತ್ತು ಹಡ್ಸನ್ ಆ ವೈರಸ್ಸನ್ನು ಭ್ರೂಣ ಇರೋ ಕೋಳಿಮೊಟ್ಟೆಯೊಳಗೆ ಬೆಳೆಸಿ ತೋರಿಸಿದ್ದು 1937ರಲ್ಲಿ. ಲಸಿಕೆ ಬರೋ ಮುಂಚೆ, 1940ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ ವ್ಯಾನ್ ರೋಕೆಲ್ ಅನ್ನೋರು ಒಂದು ಒರಟು ದಾರಿ ಹಿಡಿದ್ರು. ಮೊಟ್ಟೆಗೆ ಬರೋ ಮೊದಲೇ ಹಿಂಡಿನ ಕೆಲವು ಪುಲೆಟ್‌ಗಳಿಗೆ ನಿಜವಾದ ರೋಗದ ವೈರಸ್ಸನ್ನೇ ಕೊಟ್ಟು, ಅದು ಉಳಿದವಕ್ಕೆಲ್ಲ ಹರಡೋ ಹಾಗೆ ಬಿಡೋದು. ಬೆಳೆದ ಹಕ್ಕಿ ತಡ್ಕೊಳ್ಳುತ್ತೆ, ಮುಂದೆ ಮೊಟ್ಟೆ ಬೀಳಲ್ಲ. ಆದ್ರೆ ಪಕ್ಕದ ಫಾರಂನಲ್ಲಿ ವಾರದ ಮರಿ ಇದ್ರೆ ಅದೇ ವೈರಸ್ಸು ಯಮ. ಈ ಕಷ್ಟ ತಪ್ಪಿಸೋಕೇ ವೈರಸ್ಸಿನ ಹಲ್ಲು ಕೀಳೋ ಕೆಲಸ ಶುರುವಾಗಿದ್ದು.

ಹೆಂಗೆ ಕಿತ್ತರು ಅನ್ನೋದೇ ಇಲ್ಲಿ ಮುಖ್ಯ. 1950ರ ದಶಕದ ನಡುವೆ ಹಾಲೆಂಡಿನ ಒಂದು ಫಾರಂನಿಂದ ಹಿಡಿದ ವೈರಸ್ಸು. ಅದನ್ನು ಭ್ರೂಣದ ಮೊಟ್ಟೆಗೆ ಚುಚ್ಚೋದು, ಬೆಳೆದ ಮೇಲೆ ಒಳಗಿನ ನೀರು ತೆಗೆದು ಇನ್ನೊಂದು ಮೊಟ್ಟೆಗೆ, ಅದರಿಂದ ಮತ್ತೊಂದಕ್ಕೆ. ಪ್ರತಿ ಸಲ ಮೊಟ್ಟೆಯಲ್ಲಿ ಚೆನ್ನಾಗಿ ಬೆಳೆಯೋ ವೈರಸ್ಸೇ ಮುಂದೆ ಹೋಗುತ್ತೆ. ಹಂಗೇ ಸಾಗಿಸ್ತಾ ಹೋದ್ರೆ ಅದಕ್ಕೆ ಮೊಟ್ಟೆಯೇ ಮನೆ ಆಗಿ, ಬದುಕಿರೋ ಕೋಳಿಯ ಗಂಟಲು ಪರಊರು ಆಗುತ್ತೆ. 52 ಸಲ ಸಾಗಿಸಿದ್ದು ಎಚ್52. ಅದಿನ್ನೂ ಒರಟು, ಮೊದಲೇ ಒಂದು ಲಸಿಕೆ ಕಂಡ ದೊಡ್ಡ ಹಕ್ಕಿಗೆ ಮಾತ್ರ. 120 ಸಲ ಸಾಗಿಸಿದ್ದು ಎಚ್120, ಒಂದು ದಿನದ ಮರಿಗೂ ಕೊಡಬಹುದು. ನಮ್ಮ ಮೆಡಿಕಲ್ ಅಂಗಡಿಯ ಫ್ರಿಜ್ಜಿನಲ್ಲಿ ಇವತ್ತಿಗೂ ಇರೋ ಹೆಸರು ಅದೇ.

ಇನ್ನೂ ಹೆಚ್ಚು ಸಾಗಿಸಿದ್ರೆ ಇನ್ನೂ ಒಳ್ಳೇದಲ್ವಾ ಅಂತ ಕೇಳಬಹುದು. ಅಲ್ಲ. ಬೊಡೆಟ್ ಹೆಸರಿನದೇ ಒಂದು ತಳಿ ಇದೆ. ಪೂರ್ತಿ ಪಳಗಿ ಮೆತ್ತಗಾದದ್ದು, ಕೋಳಿಗೆ ರೋಗವನ್ನೂ ತರಲ್ಲ, ಹೇಳಿಕೊಳ್ಳೋ ರಕ್ಷಣೆಯನ್ನೂ ಕೊಡಲ್ಲ. ಲಸಿಕೆ ವೈರಸ್ಸು ಗಂಟಲಲ್ಲಿ ಒಂದಿಷ್ಟು ಬೆಳೆಯಲೇಬೇಕು. ನಾಲ್ಕೈದು ದಿನ ಮರಿ ಸ್ವಲ್ಪ ಸೀನಬೇಕು. ಆಗಲೇ ಮೈ ಪಾಠ ಕಲಿಯೋದು. ಲಸಿಕೆ ಕೊಟ್ಟ ಮೇಲೆ ಸೀನು ಬಂತು ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗೋರು ಇದನ್ನ ಎರಡು ಸಲ ಓದಿ. ಅಮೋನಿಯಾ ಕಣ್ಣಿಗೆ ಹೊಡೆಯೋ ಶೆಡ್ಡಿನಲ್ಲಿ ಅದೇ ಸೀನು ಇ-ಕೋಲೈಗೆ ದಾರಿ ಮಾಡಿ ಕೊಡುತ್ತೆ. ಅದು ಲಸಿಕೆ ತಪ್ಪಲ್ಲ, ನಮ್ಮ ಹೊಟ್ಟಿನ ತಪ್ಪು.

ಈಗ ಅರ್ಧ ಡೋಸಿಗೆ ಬರೋಣ. ಗ್ರೂಪಿನ ಅಣ್ಣನ ಪರವಾಗಿ ಒಬ್ಬ ಓದಿದ ಹುಡುಗ ಹೀಗೆ ವಾದ ಮಾಡಿದ: "ಜೀವಂತ ವೈರಸ್ ಅಂದ ಮೇಲೆ ಅದೇ ಬೆಳೆಯುತ್ತಲ್ಲ ಸಾರ್, ಕಮ್ಮಿ ಹಾಕಿದ್ರೂ ಸಾಕು." ವಾದ ಕೇಳೋಕೆ ಚೆಂದ, ಅರ್ಧ ನಿಜ ಕೂಡ. ಪ್ರತಿ ಮರಿಯ ಕಣ್ಣಿಗೂ ಲೆಕ್ಕ ಹಾಕಿ ಒಂದೊಂದು ಹನಿ ಬಿಟ್ಟು, ಆ ಹನಿಯಲ್ಲಿ ಬದುಕಿರೋ ವೈರಸ್ಸು ಸಾಕಷ್ಟಿದ್ರೆ, ಕಮ್ಮಿ ಡೋಸಿಗೂ ಮೈ ಉತ್ತರ ಕೊಡಬಹುದು. ಆದ್ರೆ ನಾವು ಕೊಡೋದು ಎಲ್ಲಿ? ಕುಡಿಯೋ ನೀರಲ್ಲಿ. ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿಂದ ಬೈಕಿನ ಡಿಕ್ಕಿಯಲ್ಲಿ ತಂದ ವಯಲ್. ಟ್ಯಾಂಕಿನಲ್ಲಿ ನಿನ್ನೆ ಹಾಕಿದ ಬ್ಲೀಚಿಂಗ್ ಪೌಡರ್ ವಾಸನೆ. ಮುಂದಿನ ಮರಿ ಹೊಟ್ಟೆ ತುಂಬ ಕುಡಿಯುತ್ತೆ, ಹಿಂದಿನ ಮೂಲೆಯದು ಕೊಕ್ಕು ಒದ್ದೆ ಮಾಡ್ಕೊಂಡು ಹೋಗುತ್ತೆ. ಸಾವಿರ ಅಂತ ಬರೆದ ಡೋಸಿನಲ್ಲಿ ಇಂಥ ನಷ್ಟಕ್ಕೆ ಜಾಗ ಬಿಟ್ಟಿರ್ತಾರೆ. ಆ ಜಾಗವನ್ನ ನಮ್ಮ ಬಿಸಿಲು, ನಮ್ಮ ನೀರು ಆಗಲೇ ತಿಂದಿರುತ್ತೆ. ನೀವು ಅದನ್ನೇ ಇನ್ನೊಂದು ಸಲ ಖರ್ಚು ಮಾಡ್ತಾ ಇದೀರಿ.

ಆಗ ಆಗೋದು ಇಷ್ಟು. ಒಂದಷ್ಟು ಮರಿಗೆ ಲಸಿಕೆ ಸಿಗುತ್ತೆ, ಉಳಿದವಕ್ಕೆ ಸಿಗಲ್ಲ. ಸಿಕ್ಕಿದ ಮರಿಯ ಗಂಟಲಲ್ಲಿ ಬೆಳೆದ ವೈರಸ್ಸು ಸೀನಿನ ಜೊತೆ ಹೊರಗೆ ಬಂದು ಸಿಗದ ಮರಿಗೆ ಹೋಗುತ್ತೆ, ಅದರಿಂದ ಇನ್ನೊಂದಕ್ಕೆ. ಒಂದು ವಾರದಲ್ಲಿ ಮುಗೀಬೇಕಾದ ಸೀನು ಮೂರು ವಾರ ಶೆಡ್ಡಿನಲ್ಲಿ ಸುತ್ತುತ್ತೆ. ಇದನ್ನ ನೋಡಿದೋರು ನಮ್ಮಲ್ಲಿ ತುಂಬ ಜನ ಇದಾರೆ, ಹೆಸರು ಗೊತ್ತಿರಲ್ಲ ಅಷ್ಟೆ. "ಮಾರಿ ಬಿಟ್ಟು ಹೋಗ್ತಿಲ್ಲ" ಅಂತೀವಿ. ಇಂಗ್ಲಿಷಿನಲ್ಲಿ ಇದಕ್ಕೆ ರೋಲಿಂಗ್ ರಿಯಾಕ್ಷನ್ ಅಂತಾರೆ.

ಇಲ್ಲೇ ನನಗೆ ಸಿಟ್ಟು ಬರೋದು. ಹಾಲೆಂಡಿನೋರು ವೈರಸ್ಸನ್ನು ಮೊಟ್ಟೆಯಿಂದ ಮೊಟ್ಟೆಗೆ 120 ಸಲ ಸಾಗಿಸಿ ಕೋಳಿಯನ್ನ ಮರೆಸಿದ್ರು. ನಾವು ಅದೇ ವೈರಸ್ಸನ್ನು ಕೋಳಿಯಿಂದ ಕೋಳಿಗೆ ಸಾಗಿಸಿ ಮರೆತದ್ದನ್ನ ಮತ್ತೆ ನೆನಪು ಮಾಡಿಸ್ತಾ ಇದೀವಿ. ಇದು ನನ್ನ ಕಲ್ಪನೆ ಅಲ್ಲ. ಹಾಪ್ಕಿನ್ಸ್ ಮತ್ತು ಯೋಡರ್ ಅನ್ನೋ ಇಬ್ಬರು ಅಮೆರಿಕದಲ್ಲಿ ಇದನ್ನೇ ಬೇಕಂತ ಮಾಡಿ ನೋಡಿದ್ರು: ಐಬಿ ಲಸಿಕೆ ವೈರಸ್ಸನ್ನು ಕೋಳಿಯಿಂದ ಕೋಳಿಗೆ ದಾಟಿಸ್ತಾ ಹೋದ್ರು, ಅದು ಮತ್ತೆ ರೋಗ ತರೋ ಶಕ್ತಿ ಪಡೀತು. 1986ರಲ್ಲೇ ಪ್ರಕಟವಾದ ಕೆಲಸ. ಐಬಿ ವೈರಸ್ಸಿನ ಇಡೀ ಜಾತಕ ಸುಮಾರು 27,600 ಅಕ್ಷರ. ಅದನ್ನ ಮೆತ್ತಗೆ ಮಾಡಿರೋದು ಅದರಲ್ಲಿ ಎಲ್ಲೋ ಬದಲಾದ ಕೆಲವೇ ಅಕ್ಷರ. ಮೊಟ್ಟೆಯಲ್ಲಿ ಸಾಗಿಸಿದೋರಿಗೂ ಆಗ ಯಾವ ಅಕ್ಷರ ಬದಲಾಯ್ತು ಅಂತ ಗೊತ್ತಿರಲಿಲ್ಲ. ನಕಲು ಮಾಡುವಾಗ ತಪ್ಪೋದು ವೈರಸ್ಸಿಗೆ ಹುಟ್ಟುಗುಣ. ಒಂದು ವಯಲ್ಲಿನಲ್ಲಿರೋದು ಒಂದೇ ಥರದ ವೈರಸ್ಸೂ ಅಲ್ಲ, ಸಣ್ಣಪುಟ್ಟ ವ್ಯತ್ಯಾಸ ಇರೋ ಒಂದು ಸಂತೆ. ಅದರಲ್ಲಿ ಕೋಳಿ ಗಂಟಲಿಗೆ ಒಗ್ಗೋದು ಯಾವುದೋ ಅದೇ ಮುಂದೆ ಬರುತ್ತೆ.

"ಮೂರು ಬ್ಯಾಚಿಂದ ಏನೂ ಆಗಿಲ್ಲ" ಅನ್ನೋ ಮಾತಿಗೆ ನನ್ನದೇ ಕಥೆ ಹೇಳ್ತೀನಿ. 2019ರ ಬೇಸಿಗೆಯಲ್ಲಿ ನಾನೂ ಇದೇ ಬುದ್ಧಿವಂತಿಕೆ ಮಾಡಿದ್ದೆ. ಎರಡು ವಯಲ್ ಬೇಕಿದ್ದಲ್ಲಿ ಒಂದು. ಬೆಳಗ್ಗೆ ಏಳಕ್ಕೆ ಕಲಸಿದ್ದು, ಕರೆಂಟು ಹೋಗಿ, ಆಳು ಬರದೆ, ಕೊನೇ ಸಾಲಿಗೆ ಹೋಗೋವಾಗ ಹನ್ನೊಂದು. ಮರಿ ಸತ್ತದ್ದು ಎರಡಂಕಿ ದಾಟಲಿಲ್ಲ. ಎರಡನೇ ವಾರದಲ್ಲಿ ಒಂದಿಷ್ಟು ಸೀನು ಬಂತು, ಆಂಟಿಬಯೋಟಿಕ್ ಕೊಟ್ಟೆ, ನಿಂತಿತು. ನಾನೂ ಎಲ್ಲರ ಹತ್ರ ಏನೂ ಆಗಿಲ್ಲ ಅಂತಲೇ ಹೇಳಿಕೊಂಡು ಓಡಾಡಿದೆ. ಹಕ್ಕಿ ಬೆಳೆದವು, ಜುಟ್ಟು ಕೆಂಪಾಯ್ತು, ನೋಡೋಕೆ ಲಕ್ಷಣವಾಗಿದ್ವು. ಮೊಟ್ಟೆ ಮಾತ್ರ ಏರಲಿಲ್ಲ. ಇಪ್ಪತ್ತೆಂಟು ವಾರ ಆದ್ರೂ ಟ್ರೇ ತುಂಬಲ್ಲ. ಫೀಡ್ ಬದಲಾಯಿಸಿದೆ, ಲೈಟ್ ಹೆಚ್ಚಿಸಿದೆ, ಫೀಡ್ ಅಂಗಡಿಯವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಕೊನೆಗೆ ಡಾಕ್ಟರು ಬಂದು ಮೊಟ್ಟೆ ಇಡದ ಐದು ಹಕ್ಕಿ ಕೊಯ್ದು ತೋರಿಸಿದ್ರು. ಅಂಡಾಶಯದಲ್ಲಿ ಹಳದಿ ಗೊಂಚಲು ಸರಿಯಾಗಿದೆ, ಆದ್ರೆ ಮೊಟ್ಟೆ ಇಳಿಯೋ ನಾಳವೇ ಬೆಳೆದಿಲ್ಲ. ಎರಡರಲ್ಲಿ ಆ ಜಾಗದಲ್ಲಿ ನೀರು ತುಂಬಿದ ಚೀಲ. "ಎಳೇ ಮರಿ ಇದ್ದಾಗ ಐಬಿ ಹೊಡೆದಿದೆ ಕಣ್ರೀ. ಈ ಹಕ್ಕಿ ಸಾಯೋವರೆಗೂ ಮೊಟ್ಟೆ ಇಡಲ್ಲ" ಅಂದ್ರು. ಲ್ಯಾಬಿಗೆ ಕಳಿಸಿ ಖಚಿತ ಮಾಡಿಸೋಕೆ ಆಗ ತಡವಾಗಿತ್ತು, ಕೈಯಲ್ಲಿ ದುಡ್ಡೂ ಇರಲಿಲ್ಲ. ಆ ಹಕ್ಕಿಗಳು ತಿಂದ ಮೆಕ್ಕೆಜೋಳದ ಲೆಕ್ಕ ಈಗಲೂ ನನ್ನ ಡೈರಿಯಲ್ಲಿದೆ. ಉಳಿಸಿದ್ದು ಒಂದು ವಯಲ್ಲಿನ ದುಡ್ಡು.

ಅದೇ ವರ್ಷ ಹಳ್ಳದಾಚೆ ನಮ್ಮ ದೊಡ್ಡಪ್ಪನ ಮಗನ ಬ್ಯಾಚಿನಲ್ಲೂ ಸೀನು ಬಂತು. ನನ್ನಿಂದಲೇ ಹೋಯ್ತು ಅಂತ ಹೇಳೋಕೆ ಪುರಾವೆ ಇಲ್ಲ. ಇಲ್ಲ ಅಂತ ಹೇಳೋಕೂ ನನಗೆ ಬಾಯಿ ಬರಲ್ಲ.

ಇನ್ನೊಂದು ವಿಷಯ ಬರೀದೆ ಹೋದ್ರೆ ನಿದ್ದೆ ಬರಲ್ಲ. ಥರ್ಮಾಕೋಲ್ ಡಬ್ಬಿ ಹೊತ್ತುಕೊಂಡು ಶೆಡ್ಡಿಗೇ ಬರೋ ಒಬ್ಬ ಮಾರಾಟಗಾರ ಇದಾನೆ. ಬಿಲ್ ಇಲ್ಲ, ಲೇಬಲ್ ಮೇಲೆ ಇರೋ ಭಾಷೆ ನಮಗೆ ಯಾರಿಗೂ ಬರಲ್ಲ. "ಫಾರಿನ್ ವೇರಿಯಂಟ್ ಲಸಿಕೆ, ಇಲ್ಲಿ ಸಿಗಲ್ಲ, ನಿಮಗೆ ಅಂತ ತಂದಿದೀನಿ" ಅಂತಾನೆ. ಈ ಆಸೆ ಯಾಕೆ ಹುಟ್ಟುತ್ತೆ ಅನ್ನೋದು ನನಗೂ ಅರ್ಥ ಆಗುತ್ತೆ. ಐಬಿಯಲ್ಲಿ ತಳಿ ಬಹಳ, ಒಂದರ ಲಸಿಕೆ ಇನ್ನೊಂದಕ್ಕೆ ಪೂರ್ತಿ ಆಗಲ್ಲ. ಬ್ರಿಟನ್ನಿನಲ್ಲಿ 1990ರ ಆಚೀಚೆ 4/91 ಅನ್ನೋ ತಳಿ ಎದ್ದಿತು. ಚೀನಾದಲ್ಲಿ 1996ರಲ್ಲಿ ಕ್ಯೂಎಕ್ಸ್ ಕಂಡಿತು, ಅದು ಮುಂದೆ ಯುರೋಪಿಗೂ ಹೋಯ್ತು. ಎರಡು ಬೇರೆ ತಳಿಯ ಲಸಿಕೆ ಸರಿಯಾದ ವಯಸ್ಸಿಗೆ ಕೊಟ್ರೆ ಮೂರನೇ ತಳಿಗೂ ಒಂದಿಷ್ಟು ತಡೆ ಸಿಗುತ್ತೆ ಅಂತ ಬ್ರಿಟನ್ನಿನ ಕೆಲಸದಿಂದ ಗೊತ್ತಾಗಿದೆ. ಹಾಗಾಗಿ ವೇರಿಯಂಟ್ ಲಸಿಕೆಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ.

ಆದ್ರೆ ನಮ್ಮ ಸೀಮೆಯಲ್ಲಿ ಆ ತಳಿ ಇದೆ ಅಂತ ಯಾರು ನೋಡಿದ್ದಾರೆ? ಇಲ್ಲದೆ ಇದ್ರೆ, ಆ ಡಬ್ಬಿಯವನು ತಂದದ್ದು ಲಸಿಕೆ ಅಲ್ಲ, ಹೊಸ ವೈರಸ್ಸು. ಬಿಟ್ಟ ಮೇಲೆ ವಾಪಸ್ ಕರೆಸಿಕೊಳ್ಳೋಕೆ ಅದು ತಪ್ಪಿಸಿಕೊಂಡ ಎಮ್ಮೆ ಅಲ್ಲ. ಮುಂದೆ ನಿಜವಾಗಿಯೂ ರೋಗ ಬಂದಾಗ ಲ್ಯಾಬಿನಲ್ಲಿ ಸಿಕ್ಕಿದ್ದು ರೋಗದ್ದೋ ಲಸಿಕೆಯದ್ದೋ ಅಂತ ಬಿಡಿಸೋದೂ ಕಷ್ಟ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೊರೊನಾ ಜಾತಿಯ ವೈರಸ್ಸುಗಳು ಎರಡು ಒಂದೇ ಜೀವಕೋಶದಲ್ಲಿ ಸೇರಿದ್ರೆ, ನಕಲು ಮಾಡೋ ಯಂತ್ರ ಒಂದರ ಮೇಲಿಂದ ಇನ್ನೊಂದರ ಮೇಲೆ ಹಾರುತ್ತೆ, ಅರ್ಧ ಅದರದ್ದು ಅರ್ಧ ಇದರದ್ದು ಸೇರಿ ಮೂರನೆಯದು ಹುಟ್ಟುತ್ತೆ. ಜಗತ್ತಿನ ಬೇರೆ ಬೇರೆ ಕಡೆ ಹಿಡಿದ ಐಬಿ ವೈರಸ್ಸುಗಳಲ್ಲಿ ಲಸಿಕೆಯ ತುಣುಕುಗಳು ಸಿಕ್ಕಿವೆ. ಆಸ್ಟ್ರೇಲಿಯಾದಲ್ಲಿ ಐಎಲ್‌ಟಿ ಅನ್ನೋ ಇನ್ನೊಂದು ಶ್ವಾಸರೋಗಕ್ಕೆ (ಅದು ಕೊರೊನಾ ಅಲ್ಲ, ಬೇರೆ ವೈರಸ್ಸು) ಕೊಟ್ಟ ಎರಡು ಬೇರೆ ಮೂಲದ ಜೀವಂತ ಲಸಿಕೆಗಳು ಬೆರೆತು ಕೋಳಿ ಕೊಲ್ಲೋ ವೈರಸ್ಸು ಹುಟ್ಟಿದ್ದು 2012ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ರು. ಅವು ಸರ್ಕಾರದ ಪರವಾನಗಿ ಪಡೆದ ಲಸಿಕೆಗಳು! ನಮ್ಮದು ಬಿಲ್ ಇಲ್ಲದ ಡಬ್ಬಿ.

ಮನುಷ್ಯರ ವಿಷಯದಲ್ಲಿ ಇದೇ ಭಯಕ್ಕೆ ಎಷ್ಟು ನಿಧಾನ ಹೆಜ್ಜೆ ಇಟ್ಟರು ನೋಡಿ. ನಮ್ಮ ದನಗಳ ಕಾಲುಬಾಯಿ ರೋಗಕ್ಕೆ ಲಸಿಕೆ ಮಾಡೋ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್, ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಜೊತೆ ಸೇರಿ ಕೋವಿಡ್‌ಗೆ ಜೀವಂತ ದುರ್ಬಲ ಲಸಿಕೆ ಮಾಡ್ತೀವಿ ಅಂತ 2020ರಲ್ಲೇ ಹೇಳಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಅಮೆರಿಕದ ಕೋಡಾಜೆನಿಕ್ಸ್ ಜೊತೆ ಮೂಗಿಗೆ ಹಾಕೋ ಹನಿ ಮಾಡಿ ಜನರ ಮೇಲೆ ಪರೀಕ್ಷೆವರೆಗೂ ಒಯ್ದಿತು. ಇವರ ದಾರಿ ಮೊಟ್ಟೆಯಲ್ಲಿ ಸಾಗಿಸೋ ಹಳೇ ದಾರಿ ಅಲ್ಲ. ವೈರಸ್ಸಿನ ಬರಹದ ಅರ್ಥ ಅದೇ ಇಟ್ಟು, ಓದೋವಾಗ ತಡವರಿಸೋ ಹಾಗೆ ನೂರಾರು ಕಡೆ ಅಕ್ಷರ ಬದಲಾಯಿಸೋದು. ಒಂದೆರಡು ವಾಪಸ್ ಬದಲಾದ್ರೂ ವೈರಸ್ಸಿಗೆ ಹಳೇ ಶಕ್ತಿ ಬರಬಾರದು ಅಂತ. ಇಷ್ಟಾದ್ರೂ ಅಂಥ ಲಸಿಕೆ ಇನ್ನೂ ಜನರ ಬಳಕೆಗೆ ಬಂದಿಲ್ಲ. ಕೋಳಿಗೂ ಇದೇ ದಿಕ್ಕಿನ ಕೆಲಸ ಬ್ರಿಟನ್ನಿನ ಪಿರ್‌ಬ್ರೈಟ್ ಸಂಸ್ಥೆಯಲ್ಲಿ ನಡೀತಿದೆ. ಕೋಳಿಯ ಮೈ ಶಾಖ 41 ಡಿಗ್ರಿ. ಆ ಶಾಖದಲ್ಲಿ ಏಗಲಾರದ ಹಾಗೆ ಐಬಿ ವೈರಸ್ಸಿನಲ್ಲಿ ಗೊತ್ತಿರೋ ಜಾಗದಲ್ಲೇ ಬದಲಾವಣೆ ಮಾಡಿ ಮೆತ್ತಗೆ ಮಾಡೋದನ್ನ 2022ರಲ್ಲಿ ಪ್ರಕಟಿಸಿದ್ದಾರೆ. ಅದು ನಮ್ಮ ಅಂಗಡಿಗೆ ಬರೋ ತನಕ ಎಚ್120 ಥರದ ಹಳೇ ಲಸಿಕೆಗಳೇ ಗತಿ. ಅವನ್ನ ಕೆಡಿಸಿಕೊಂಡ್ರೆ ಕೈಯಲ್ಲಿ ಬೇರೇನೂ ಇಲ್ಲ.

ಎಲ್ಲಾ ತಪ್ಪನ್ನೂ ರೈತನ ತಲೆಗೆ ಕಟ್ಟೋನು ನಾನಲ್ಲ. ಆರುನೂರು ಮರಿ ತಂದೋನಿಗೆ ಸಾವಿರ ಡೋಸಿನ ವಯಲ್ ಮಾರಿ, ಮುನ್ನೂರು ನಾಲ್ಕುನೂರು ಡೋಸ್ ಚರಂಡಿಗೆ ಸುರಿ ಅಂದ್ರೆ ಅವನಿಗೆ ಹೊಟ್ಟೆ ಉರಿಯಲ್ವಾ? ಹ್ಯಾಚರಿಯವರು "ಲಸಿಕೆ ಆಗಿದೆ" ಅಂತ ಬಾಯಲ್ಲಿ ಹೇಳ್ತಾರೆ. ಯಾವ ತಳಿ, ಯಾವ ದಿನ, ಹನಿಯೋ ಸ್ಪ್ರೇಯೋ ಅಂತ ಒಂದು ಚೀಟಿ ಕೊಡೋಕೆ ಕೈ ಬರಲ್ಲ. ನಮ್ಮ ತಾಲೂಕಿನಲ್ಲಿ ಓಡಾಡ್ತಿರೋ ಐಬಿ ಯಾವುದು ಅಂತ ಕೇಳಿದ್ರೆ ಉತ್ತರ ಹೇಳೋರಿಲ್ಲ. ಸ್ಯಾಂಪಲ್ ಐಸಿನಲ್ಲಿಟ್ಟು ಬೆಂಗಳೂರಿಗೆ ಒಯ್ಯೋ ದಿನ ಕೂಲಿ ಯಾರು ಕೊಡ್ತಾರೆ? ಆ ಡಬ್ಬಿಯವನು ಹುಟ್ಟಿಕೊಂಡಿದ್ದೇ ಈ ಸಂದಿಯಲ್ಲಿ. ಈ ಮಾತನ್ನ ಇಲಾಖೆಯವರ ಮುಂದೆ ಒಬ್ಬೊಬ್ಬರೇ ಹೋಗಿ ಹೇಳಿದ್ರೆ ಚಹಾ ಕುಡಿಸಿ ಕಳಿಸ್ತಾರೆ, ಮೂವತ್ತು ಜನ ಹೋದ್ರೆ ಬರಕೊಳ್ತಾರೆ.

ಆದ್ರೆ ವಯಲ್ ಹಂಚಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ನೀರು ಬೆರೆಸಿ ಹಿಗ್ಗಿಸೋ ಬದಲು, ಒಂದೇ ವಾರ ಮರಿ ಇಳಿಸೋ ಇಬ್ಬರು ಮೂವರು ಸೇರಿ ಒಂದೇ ಬೆಳಗ್ಗೆ ಒಂದೇ ವಯಲ್ ಒಡೆಯೋಣ. ಒಂದು ಜಾಗದಲ್ಲಿ, ಶೆಡ್ಡಿನ ಹೊರಗೆ, ಅದರದೇ ಡೈಲ್ಯೂಯೆಂಟ್‌ನಲ್ಲಿ ಕಲಸಿ, ಸ್ವಚ್ಛ ಬಾಟಲಿಗೆ ಲೆಕ್ಕದಂತೆ ಹಂಚಿ, ಐಸ್ ಡಬ್ಬಿಯಲ್ಲಿಟ್ಟು ಅವರವರು ಒಯ್ಯೋದು. ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಕಾಲಿಡೋ ಹಾಗಿಲ್ಲ, ಡ್ರಾಪರ್ ಕೂಡ ಬೇರೆ ಬೇರೆ. ಕಣ್ಣಿಗೆ ಒಂದೊಂದು ಹನಿ, ಎರಡು ಗಂಟೆಯೊಳಗೆ ಕೊನೇ ಮರಿ ಮುಗೀಬೇಕು. ದೊಡ್ಡ ಬ್ಯಾಚಿನೋರು ನೀರಲ್ಲೇ ಕೊಡೋದಾದ್ರೆ ಹಿಂದಿನ ದಿನದಿಂದಲೇ ಕ್ಲೋರಿನ್ ನಿಲ್ಲಿಸಿ, ಬೋರ್‌ವೆಲ್ ನೀರಿಗೆ ಲೀಟರಿಗೆ ಎರಡೂವರೆ ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ ಆಮೇಲೆ ವಯಲ್ ಒಡೀರಿ. ಐಬಿ ಬೇರೆ, ಲಸೋಟಾ ಬೇರೆ ವಯಲ್ ತಂದು ಮನೇಲಿ ಕೈಯಳತೆಯಲ್ಲಿ ಬೆರೆಸಬೇಡಿ. ಐಬಿ ಹೆಚ್ಚಾದ್ರೆ ರಾಣಿಖೇತ್ ಲಸಿಕೆಯನ್ನ ಮೇಲೇಳೋಕೆ ಬಿಡಲ್ಲ. ಎರಡೂ ಬೇಕಿದ್ರೆ ಕಂಪನಿಯವರೇ ಅಳತೆ ಕೂಡಿಸಿ ಮಾಡಿದ ಜೋಡಿ ವಯಲ್ ತಗೊಳ್ಳಿ.

ನನ್ನ ಮುಂದಿನ ಬ್ಯಾಚು ಬರೋ ಅಮಾವಾಸ್ಯೆ ಕಳೆದ ಗುರುವಾರ ಇಳಿಯುತ್ತೆ, ಮುಂದಿನ ಬುಧವಾರ ಬೆಳಗ್ಗೆ ಆರೂವರೆಗೆ ಲಸಿಕೆ. ನನ್ನ ಲೆಕ್ಕ ಕಳೆದು ಒಂದು ವಯಲ್ಲಿನಲ್ಲಿ ನಾಲ್ಕುನೂರು ಡೋಸ್ ಉಳಿಯುತ್ತೆ. ಅದೇ ವಾರದ ಮರಿ ಇರೋರು ಭಾನುವಾರದೊಳಗೆ ಫೋನ್ ಮಾಡಿ, ಮೊದಲು ಮಾಡಿದೋರಿಗೆ. ಐಸ್ ನಾನೇ ತರ್ತೀನಿ. ಗ್ರೂಪಿನಲ್ಲಿ ಫೋಟೊ ಹಾಕಿದ ಅಣ್ಣನಿಗೂ ಇದೇ ಕರೆ. ಬರೋದಾದ್ರೆ ಹಳ್ಳದ ಆಚೆ ದಂಡೆ ಮೇಲೇ ನಿಂತ್ಕೊಳ್ಳಿ ಅಣ್ಣಾ, ಬಾಟಲಿ ಅಲ್ಲಿಗೇ ತಂದು ಕೊಡ್ತೀನಿ.